ಫೋಟೊ ಮಸುಕಾದರೆ ಕ್ಯಾಮೆರಾ ಬಾಡಿ ಬದಲಿಸಬೇಕೇ?

ಪ್ರಶ್ನೆ: ಸರ್, ನಾನು ಚಿಕ್ಕಮಗಳೂರಿನವಳು, ಬ್ಯಾಂಕ್ ಉದ್ಯೋಗಿ. ರಜೆ ಸಿಕ್ಕಾಗೆಲ್ಲ ಫೋಟೊ ತೆಗೆಯುವ ಹುಚ್ಚು. ಏಳು ವರ್ಷ ಹಳೆಯ ನಿಕಾನ್ ಡಿಎಸ್‌ಎಲ್‌ಆರ್ ಇದೆ. 24 ಮೆಗಾಪಿಕ್ಸೆಲ್, ಕ್ರಾಪ್ ಸೆನ್ಸರ್ (ಚಿಕ್ಕ ಅಳತೆಯದು). ಜೊತೆಗೆ ಬಂದ 18–55 ಮತ್ತು 70–300 ಲೆನ್ಸ್ ಬಿಟ್ಟರೆ ಬೇರೇನೂ ಇಲ್ಲ. ತೋಟದಲ್ಲಿ ತೆಗೆದ ಮಂಗಟ್ಟೆ ಹಕ್ಕಿ ಶಾರ್ಪ್ ಇಲ್ಲ. ಬೇಲೂರು ದೇವಸ್ಥಾನದ ಒಳಗೆ ತೆಗೆದದ್ದರಲ್ಲಿ ಬರೀ ಗ್ರೇನ್ಸ್. ಮುಳ್ಳಯ್ಯನಗಿರಿ ಮೇಲಿಂದ ತೆಗೆದ ಬೆಟ್ಟದ ಸಾಲು ಬೂದಿ ಬಳಿದ ಹಾಗಿದೆ. ಹಿರೇಕೊಳಲೆ ಕೆರೆಯ ಸೂರ್ಯಾಸ್ತದ ಮೇಲೆ ಹಾಲು ಚೆಲ್ಲಿದಂತಿದೆ. ಐಎಸ್‌ಒ 800 ದಾಟಿಸಬೇಡಿ, ಬೆಟ್ಟಗುಡ್ಡಕ್ಕೆ ಎಫ್/22 ಇಡಿ ಎಂದು ನಮ್ಮ ಗುಂಪಿನ ಹಿರಿಯರು ಹೇಳಿದ್ದನ್ನು ತಪ್ಪದೆ ಪಾಲಿಸುತ್ತಿದ್ದೇನೆ. ಆದರೂ ಅಕ್ಕನ ಮಗ ಫೋನಿನಲ್ಲಿ ತೆಗೆದ ಫೋಟೊಗೇ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹೆಚ್ಚು ಮೆಚ್ಚುಗೆ. ಎಲ್ಲರೂ ‘ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ತಗೊಂಡುಬಿಡಿ ಮೇಡಂ’ ಅನ್ನುತ್ತಾರೆ. ಕಂತಿನಲ್ಲಿ ಒಂದೂವರೆ ಲಕ್ಷದವರೆಗೆ ಹೊಂದಿಸಬಹುದು. ತೆಗೆದುಕೊಳ್ಳಲೇ? ಹಳೆಯದನ್ನು ಮಾರಿಬಿಡಲೇ? ನಾಲ್ಕೂ ಫೋಟೊಗಳ ಮೂಲ ಫೈಲ್ ಕಳಿಸಿದ್ದೇನೆ.

ಉತ್ತರ: ಮೇಡಂ, ಮೂಲ ಫೈಲನ್ನೇ ಕಳಿಸಿದ್ದರಿಂದ ನನ್ನ ಅರ್ಧ ಕೆಲಸ ಹಗುರವಾಯಿತು. ಶಟರ್ ಎಷ್ಟು ಹೊತ್ತು ತೆರೆದಿತ್ತು, ಅಪರ್ಚರ್ ಎಂಬ ಲೆನ್ಸಿನ ಕಿಂಡಿ ಎಷ್ಟು ಅಗಲವಿತ್ತು (ಎಫ್ ಸಂಖ್ಯೆ ಹೆಚ್ಚಾದಷ್ಟೂ ಕಿಂಡಿ ಕಿರಿದು), ಯಾವ ಲೆನ್ಸ್, ಸಿಕ್ಕ ಬೆಳಕನ್ನು ಎಷ್ಟು ಏರಿಸಬೇಕೆಂದು ಹೇಳುವ ಐಎಸ್‌ಒ ಎಷ್ಟು ಎಂಬುದೆಲ್ಲ ಆ ಫೈಲಿನೊಳಗೇ ದಾಖಲಾಗಿರುತ್ತದೆ. ಅದನ್ನೆಲ್ಲ ಓದಿ ನೋಡಿದೆ. ನಿಮ್ಮ ನಾಲ್ಕು ಫೋಟೊಗಳಿಗೆ ಅಂಟಿರುವುದು ನಾಲ್ಕು ಬೇರೆ ಬೇರೆ ಕಾಯಿಲೆ, ಅದರಲ್ಲಿ ಒಂದೂ ಕ್ಯಾಮೆರಾ ಬಾಡಿಯದಲ್ಲ. ಒಂದೂವರೆ ಲಕ್ಷ ಕೊಟ್ಟು ಹೊಸ ಬಾಡಿ ತಂದು ಇದೇ ಸೆಟ್ಟಿಂಗ್‌ನಲ್ಲಿ ತೆಗೆದರೆ ಮೊದಲ ಮೂರು ಫೋಟೊಗಳು ಹೆಚ್ಚುಕಡಿಮೆ ಹೀಗೇ ಬರುತ್ತವೆ.

ನಿಮ್ಮ ಗುಂಪಿನವರು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಫೋಟೊ ಚೆನ್ನಾಗಿ ಬಾರದಿದ್ದರೆ ಮೊದಲು ಕಣ್ಣಿಗೆ ಬೀಳುವುದು ಕೈಯಲ್ಲಿರುವ ಯಂತ್ರವೇ. ಹಾಸನದ ನನ್ನ ರಿಪೇರಿ ಟೇಬಲ್ಲಿಗೆ ‘ಶಾರ್ಪ್ ಬರ್ತಿಲ್ಲ’ ಎಂಬ ದೂರು ಹೊತ್ತು ಬರುವ ಕ್ಯಾಮೆರಾಗಳನ್ನು ಟ್ರೈಪಾಡ್ ಮೇಲಿಟ್ಟು, ಗೋಡೆಗೆ ದಿನಪತ್ರಿಕೆಯ ಒಂದು ಹಾಳೆ ಅಂಟಿಸಿ, ಸೆಲ್ಫ್ ಟೈಮರ್ ಹಾಕಿ ತೆಗೆದು ನೋಡುತ್ತೇನೆ. ಬಹುಪಾಲು ಕ್ಯಾಮೆರಾಗಳು ಅಕ್ಷರ ಅಕ್ಷರವನ್ನೂ ಬಿಡಿಸಿ ತೋರಿಸುತ್ತವೆ. ಈ ಪರೀಕ್ಷೆಯನ್ನು ಮನೆಯಲ್ಲಿ ನೀವೂ ಮಾಡಬಹುದು. ಪತ್ರಿಕೆ ಸ್ಪಷ್ಟವಾಗಿ ಬಂದರೆ ಯಂತ್ರದ ಮೇಲಿನ ಅನುಮಾನ ಬಿಟ್ಟು ಮುಂದಕ್ಕೆ ಹೋಗಿ.

ಮಸುಕಿನಲ್ಲೂ ಜಾತಿಗಳಿವೆ. ಫೋಟೊವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿ. ಎಲೆ, ಕೊಂಬೆ, ಹಕ್ಕಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಕೊಂಬೆ ಸ್ಪಷ್ಟವಾಗಿದ್ದು ಹಕ್ಕಿ ಮಾತ್ರ ಸವರಿದಂತಿದ್ದರೆ ಅಲುಗಿದ್ದು ಹಕ್ಕಿ. ಹಕ್ಕಿಯ ಹಿಂದಿನ ಅಥವಾ ಮುಂದಿನ ಎಲೆ ಚೂಪಾಗಿದ್ದರೆ ಫೋಕಸ್ ಬೇರೆಲ್ಲೋ ಕೂತಿದೆ. ಎಲ್ಲವೂ ಒಂದೇ ಸಮನಾಗಿ ಮೆತ್ತಗಿದ್ದರೆ ಲೆನ್ಸನ್ನು, ಅಪರ್ಚರನ್ನು, ಇಲ್ಲವೇ ನಡುವಿನ ಗಾಳಿಯನ್ನು ಅನುಮಾನಿಸಬೇಕು. ಹಣ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ಈ ಗುರುತು ಹಿಡಿಯುವುದರಲ್ಲೇ ತೀರ್ಮಾನವಾಗಿಬಿಡುತ್ತದೆ.

ಮಂಗಟ್ಟೆಯಿಂದಲೇ ಶುರು ಮಾಡೋಣ. ಬೆಳಗಿನ ಹೊತ್ತು, ಅತ್ತಿ ಮರ, 300 ಮಿ.ಮೀ., ಎಫ್/6.3, ಶಟರ್ 1/160, ಐಎಸ್‌ಒ 800. ಕೊಂಬೆಯ ತೊಗಟೆ ಪರವಾಗಿಲ್ಲ ಎನ್ನುವಷ್ಟು ಸ್ಪಷ್ಟವಾಗಿದೆ, ಕೊಕ್ಕು ಮಾತ್ರ ಸವರಿಹೋಗಿದೆ. ಅಂದರೆ ಹಣ್ಣು ಕೀಳಲು ಹಕ್ಕಿ ತಲೆ ಆಡಿಸಿದೆ, 1/160 ಸೆಕೆಂಡು ಅದನ್ನು ಹಿಡಿದು ನಿಲ್ಲಿಸಲು ಸಾಲಲಿಲ್ಲ. ಲೆನ್ಸಿನಲ್ಲಿರುವ ವಿಆರ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ತಲೆಯನ್ನು ಹಿಡಿದಿಡುವುದಿಲ್ಲ. ಕೈ ನಡುಕದ ಲೆಕ್ಕಕ್ಕೇ ಒಂದು ಹಳೆಯ ಸೂತ್ರವಿದೆ: ಶಟರ್ ವೇಗ ಲೆನ್ಸಿನ ಮಿ.ಮೀ. ಸಂಖ್ಯೆಗಿಂತ ಕಡಿಮೆ ಇರಬಾರದು. ನಿಮ್ಮ ಸೆನ್ಸರಿಗೆ ಅದನ್ನು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು, 300 ಅಂದರೆ 450, ಅಂದರೆ 1/500ರ ಹತ್ತಿರ. ಕೂತ ಹಕ್ಕಿಗೆ 1/640 ಇಟ್ಟರೆ ನೆಮ್ಮದಿ. ಹಾರುವ ಹಕ್ಕಿಗೆ 1/1600ಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ.

‘ಅಷ್ಟು ಬೆಳಕು ಎಲ್ಲಿದೆ ಸರ್’ ಎನ್ನುತ್ತೀರಿ. ಇಲ್ಲವೇ ಇಲ್ಲ. ಸಿಲ್ವರ್ ಓಕ್ ನೆರಳಿನ ಕಾಫಿ ತೋಟದಲ್ಲಿ ಬೆಳಗ್ಗೆ ಆರೂವರೆಗೆ ಎಲ್ಲಿಂದ ಬರಬೇಕು? 1/160ರಿಂದ 1/640ಕ್ಕೆ ಹೋದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಹಾಗಾಗಿ ಐಎಸ್‌ಒ 3200 ಆಗಬೇಕು. ಇಲ್ಲಿಗೆ ಬರುತ್ತದೆ ನಿಮ್ಮ ಹಿರಿಯರ 800ರ ಗೆರೆ. ಹಳೆಯ ಡಿಜಿಟಲ್ ಕ್ಯಾಮೆರಾಗಳ ಕಾಲಕ್ಕೆ ಆ ಮಾತಿಗೆ ಅರ್ಥವಿತ್ತು. ನಿಮ್ಮ ಕ್ಯಾಮೆರಾದ ಸೆನ್ಸರಿಗೆ 3200 ದೊಡ್ಡ ವಿಷಯವಲ್ಲ. ಗ್ರೇನ್ಸ್ ಬರುತ್ತದೆ, ನಿಜ. ಆದರೆ ಗ್ರೇನ್ಸ್ ಇರುವ ಸ್ಪಷ್ಟ ಕೊಕ್ಕನ್ನು ಸಾಫ್ಟ್‌ವೇರಿನಲ್ಲಿ ಸಾಕಷ್ಟು ಶುಚಿ ಮಾಡಬಹುದು. ಸವರಿಹೋದ ಕೊಕ್ಕನ್ನು ಯಾರಿಂದಲೂ ಮರಳಿ ಜೋಡಿಸಲಾಗದು.

ಗ್ರೇನ್ಸ್ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಬೇಲೂರಿನ ಫೋಟೊದ ಉತ್ತರವೂ ಇದರಲ್ಲೇ ಇದೆ. ಬೆಳಕು ಸೆನ್ಸರಿನ ಮೇಲೆ ಬೀಳುವುದು ಫೋಟಾನ್ ಎಂಬ ಕಣಗಳಾಗಿ, ಅದೂ ಲೆಕ್ಕ ತಪ್ಪಿದ ಹನಿಗಳಾಗಿ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಕಣ ಬೀಳಬೇಕಿದ್ದರೆ ಅದರಲ್ಲಿ ಹತ್ತರಷ್ಟು ಏರುಪೇರು ಸಹಜ, ಅಂದರೆ ನೂರಕ್ಕೆ ಹತ್ತು. 10,000 ಕಣ ಬೀಳುವಲ್ಲಿ ಏರುಪೇರು ನೂರು, ಅಂದರೆ ನೂರಕ್ಕೆ ಒಂದೇ ಒಂದು. ಪಕ್ಕಪಕ್ಕದ ಪಿಕ್ಸೆಲ್‌ಗಳ ಈ ಏರುಪೇರೇ ನಿಮಗೆ ಚುಕ್ಕೆ ಚುಕ್ಕೆಯಾಗಿ ಕಾಣುವುದು. ಬೆಳಕು ಕಡಿಮೆಯಾದಷ್ಟೂ ಚುಕ್ಕೆ ಹೆಚ್ಚು. ಐಎಸ್‌ಒ ಮಾಡುವ ಕೆಲಸ ರೇಡಿಯೊದ ವಾಲ್ಯೂಮ್ ಗುಂಡಿಯದು. ಸ್ಟೇಷನ್ ಸರಿಯಾಗಿ ಸಿಗದಿರುವಾಗ ವಾಲ್ಯೂಮ್ ಏರಿಸಿದರೆ ಹಾಡಿನ ಜೊತೆ ಗೊರಗೊರ ಸದ್ದೂ ಜೋರಾಗುತ್ತದೆ. ಆ ಸದ್ದು ಹುಟ್ಟಿದ್ದು ಗುಂಡಿಯಲ್ಲಲ್ಲ, ಸಿಗ್ನಲ್ ಸಾಲದೆ. ಹಾಗಾಗಿ ಐಎಸ್‌ಒ ಕಡಿಮೆ ಇಟ್ಟು ಕತ್ತಲೆ ಫೋಟೊ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಬೆಳಗಿಸಿದರೆ ಲಾಭವೇನೂ ಇಲ್ಲ. ಎಷ್ಟೋ ಕ್ಯಾಮೆರಾಗಳಲ್ಲಿ ಹಾಗೆ ಮಾಡಿದಾಗ ನೆರಳು ಇನ್ನಷ್ಟು ಕೆಡುತ್ತದೆ.

ಬೇಲೂರಿನಲ್ಲಿ ನೀವು ಮಾಡಿರುವುದು ಇದನ್ನೇ. ನವರಂಗದ ಕಂಬ, 18 ಮಿ.ಮೀ., ಎಫ್/3.5, ಐಎಸ್‌ಒ 800, ಶಟರ್ 1/60, ಜೆಪೆಗ್. ಫೋಟೊ ಕಪ್ಪಾಗಿ ಬಂದಿದೆ, ಆಮೇಲೆ ಎಳೆದು ಬೆಳಗಿಸಿದ್ದೀರಿ, ಕಂಬದ ನೆರಳಿನಲ್ಲಿ ಕೆಂಪು–ಹಸಿರು ಚುಕ್ಕೆ ಎದ್ದಿದೆ. ಹಕ್ಕಿಗೆ ಶಟರ್ ನಿಧಾನವಾಯಿತು ಎಂದೆ. ಇಲ್ಲಿ ಉಲ್ಟಾ. ವಿಷ್ಣುವರ್ಧನನ ಕಾಲದಿಂದ, 1117ರಿಂದ, ನಿಂತಲ್ಲೇ ನಿಂತಿರುವ ಕಂಬಕ್ಕೆ 1/60 ಯಾಕೆ ಮೇಡಂ? ವಿಆರ್ ಹಾಕಿ, ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಹಿಡಿದು 18 ಮಿ.ಮೀ.ನಲ್ಲಿ 1/15 ತೆಗೆಯಬಹುದು. ಅಲ್ಲಿಗೇ ನಾಲ್ಕು ಪಟ್ಟು ಬೆಳಕು ಬಂತು, ಪುಕ್ಕಟೆ. ಐಎಸ್‌ಒ 1600 ಮಾಡಿದರೆ ಕಂಪ್ಯೂಟರಿನಲ್ಲಿ ಎಳೆಯುವ ಅಗತ್ಯವೇ ಬೀಳುವುದಿಲ್ಲ. ಮೂರು ನಾಲ್ಕು ಸಲ ಒಂದೇ ಸಮ ಕ್ಲಿಕ್ ಮಾಡಿ, ಒಂದಾದರೂ ಅಲುಗದೆ ಬಂದಿರುತ್ತದೆ. ನಡುವೆ ಓಡಾಡುವ ಭಕ್ತರು ಮಸುಕಾಗುತ್ತಾರೆ, ನನಗಂತೂ ಅದು ಚೆನ್ನಾಗಿಯೇ ಕಾಣುತ್ತದೆ. ಟ್ರೈಪಾಡ್ ಒಯ್ಯುವ ಯೋಚನೆಯಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಮೊದಲೇ ವಿಚಾರಿಸಿಕೊಳ್ಳಿ.

ಜೆಪೆಗ್ ಬದಲು ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲಿನಲ್ಲಿ ತೆಗೆಯಿರಿ, ಇಂಥ ಜಾಗದಲ್ಲಂತೂ ಖಂಡಿತ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು ಮಾತ್ರ. 12 ಬಿಟ್ ರಾ ಆದರೂ 4096. ನೆರಳನ್ನು ಎಳೆಯುವಾಗ ಈ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಹಳದಿ ಬಲ್ಬು ಮತ್ತು ಬಾಗಿಲಿನ ನೀಲಿ ಬೆಳಕು ಬೆರೆತು ಬಣ್ಣ ಕೆಟ್ಟಿದ್ದರೂ ರಾ ಫೈಲಿನಲ್ಲಿ ಸರಿಪಡಿಸುವುದು ಸುಲಭ. ಎಲ್ಲವನ್ನೂ ರಾನಲ್ಲಿ ತೆಗೆದು ಹಾರ್ಡ್‌ಡಿಸ್ಕ್ ತುಂಬಿಸಿ ಎನ್ನುತ್ತಿಲ್ಲ. ಮನೆಯ ಹುಟ್ಟುಹಬ್ಬಕ್ಕೆ ಜೆಪೆಗ್ ಸಾಕು.

ದೇವಸ್ಥಾನದ ಹೊರಗಿನ ಮದನಿಕೆಯರ ಬಗ್ಗೆ ನೀವು ಕೇಳಿಲ್ಲ. ಆದರೆ ಬೇಲೂರಿಗೆ ಮತ್ತೆ ಹೋಗುತ್ತೀರಿ ಎಂದು ಬಲ್ಲೆ, ಹಾಗಾಗಿ ಹೇಳಿಬಿಡುತ್ತೇನೆ. ಸೂರಿನ ಕೆಳಗೆ ಬಾಗಿ ನಿಂತ ಆ ಶಿಲ್ಪಗಳ ಹಿಂದೆ ಬಿಳಿ ಆಕಾಶ ಬಂದರೆ ಕ್ಯಾಮೆರಾ ಆಕಾಶಕ್ಕೆ ಹೆದರಿ ಶಿಲ್ಪವನ್ನು ಕಪ್ಪು ಮಾಡುತ್ತದೆ. ಸ್ಪಾಟ್ ಮೀಟರಿಂಗ್ ಹಾಕಿ ಶಿಲ್ಪದ ಮುಖದ ಮೇಲಷ್ಟೇ ಬೆಳಕಿನ ಅಳತೆ ತೆಗೆದುಕೊಳ್ಳಿ. ಬಿಸಿಲು ಅಂಗಳದ ಚಪ್ಪಡಿಯ ಮೇಲೆ ಬಿದ್ದು ಅಲ್ಲಿಂದ ಮೇಲಕ್ಕೆ ಪ್ರತಿಫಲಿಸುವ ಹೊತ್ತು ಬೆಳಗ್ಗೆ ಸಿಗುತ್ತದೆ, ಆಗ ಸೂರಿನಡಿಗೂ ಮೆದುವಾದ ಬೆಳಕು. ಮಧ್ಯಾಹ್ನದವರೆಗೆ ಕಾದರೆ ಅದೇ ಚಪ್ಪಡಿಯ ಮೇಲೆ ಬರಿಗಾಲಲ್ಲಿ ಕುಣಿಯಬೇಕಾದೀತು. ಹಳೇಬೀಡಿಗೆ ಮಾತ್ರ ಮಧ್ಯಾಹ್ನದ ಮೇಲೆ ಹೋಗಿ. ಹೊಯ್ಸಳೇಶ್ವರ ಪೂರ್ವಕ್ಕೆ ಮುಖ ಮಾಡಿದೆ, ದೊಡ್ಡ ಶಿಲ್ಪಗಳ ಸಾಲು ಇರುವುದು ಹಿಂಬದಿಯ ಪಶ್ಚಿಮದ ಗೋಡೆಗಳಲ್ಲಿ. ಗೋಡೆ ಮಡಿಕೆ ಮಡಿಕೆಯಾಗಿ ಒಳಹೊರಗೆ ಸರಿಯುವುದರಿಂದ ಇಳಿಬಿಸಿಲು ಒಂದೊಂದು ಮುಖಕ್ಕೆ ಒಂದೊಂದು ಹೊತ್ತಿಗೆ ಓರೆಯಾಗಿ ತಾಗುತ್ತದೆ, ಕೆತ್ತನೆ ಎದ್ದು ಬರುವುದು ಆಗಲೇ. ನೆತ್ತಿಯ ಬಿಸಿಲಿನಲ್ಲಿ ಎಷ್ಟು ದುಬಾರಿ ಕ್ಯಾಮೆರಾ ತಂದರೂ ಅದೇ ಶಿಲ್ಪ ಚಪ್ಪಟೆ.

ಮುಳ್ಳಯ್ಯನಗಿರಿ. ಈ ಫೋಟೊಗೆ ಎರಡು ತೊಂದರೆ, ಒಂದನ್ನು ನೀವು ಸರಿ ಮಾಡಬಹುದು, ಇನ್ನೊಂದನ್ನು ಮಳೆರಾಯ ಮಾಡಬೇಕು.

ಮೊದಲನೆಯದು ಎಫ್/22. ಅಪರ್ಚರ್ ಕಿರಿದಾದಷ್ಟೂ ಹತ್ತಿರದಿಂದ ದೂರದವರೆಗೆ ಹೆಚ್ಚು ಜಾಗ ಫೋಕಸ್‌ನಲ್ಲಿರುತ್ತದೆ, ಅಷ್ಟು ನಿಜ. ಆದರೆ ಅತಿ ಕಿರಿದಾದ ಕಿಂಡಿಯಿಂದ ತೂರುವ ಬೆಳಕು ಹರಡಿಕೊಳ್ಳುತ್ತದೆ. ಇದಕ್ಕೆ ಡಿಫ್ರಾಕ್ಷನ್ ಎನ್ನುತ್ತಾರೆ, ಲೆನ್ಸ್ ಎಷ್ಟೇ ಒಳ್ಳೆಯದಿದ್ದರೂ ತಪ್ಪಿದ್ದಲ್ಲ. ಎಫ್/22ರಲ್ಲಿ ಒಂದು ಬೆಳಕಿನ ಬಿಂದು ನಿಮ್ಮ ಸೆನ್ಸರಿನ ಮೇಲೆ ಸುಮಾರು 30 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ಅಗಲಕ್ಕೆ ಹರಡುತ್ತದೆ. ನಿಮ್ಮ ಒಂದು ಪಿಕ್ಸೆಲ್ ನಾಲ್ಕು ಮೈಕ್ರಾನ್‌ಗಿಂತ ತುಸು ಕಡಿಮೆ. ಅಂದರೆ ಒಂದು ಪಿಕ್ಸೆಲ್ಲಿನಲ್ಲಿ ಕೂರಬೇಕಾದ ವಿವರ ಏಳೆಂಟು ಪಿಕ್ಸೆಲ್‌ಗೆ ಬಳಿದುಹೋಗುತ್ತದೆ. ಎಫ್/8ರಲ್ಲಿ ಇದು ಎರಡು ಮೂರು ಪಿಕ್ಸೆಲ್ ಅಷ್ಟೇ. ಆಳವಾದ ಫೋಕಸ್ ಹೋಗಿಬಿಡುತ್ತದೆ ಎಂಬ ಭಯ ಬೇಡ. 18 ಮಿ.ಮೀ., ಎಫ್/8 ಇಟ್ಟು ಎರಡು ಮೀಟರ್ ದೂರದ ಕಲ್ಲಿಗೆ ಫೋಕಸ್ ಮಾಡಿದರೆ ನಿಮ್ಮ ಕಾಲಬುಡದ ಹುಲ್ಲಿನಿಂದ ಬಾಬಾಬುಡನ್‌ಗಿರಿಯ ಸಾಲಿನವರೆಗೂ ಸಾಕಷ್ಟು ಸ್ಪಷ್ಟ ಸಿಗುತ್ತದೆ. ಕ್ಯಾಮೆರಾ ಜೊತೆಗೆ ಬಂದ ನಿಮ್ಮ ಕಿಟ್ ಲೆನ್ಸ್ ಅತ್ಯಂತ ಚೆನ್ನಾಗಿ ಕೆಲಸ ಮಾಡುವುದೂ ಎಫ್/8ರ ಆಸುಪಾಸಿನಲ್ಲೇ.

ಎರಡನೆಯದು ಗಾಳಿ. ದಿನಾಂಕ ನೋಡಿದೆ, ಮಾರ್ಚ್, ಅದೂ ಮಧ್ಯಾಹ್ನ. 1930 ಮೀಟರ್ ಎತ್ತರದಿಂದ ಹತ್ತಾರು ಕಿಲೋಮೀಟರ್ ಆಚೆಯ ಬೆಟ್ಟ ತೆಗೆಯುತ್ತಿದ್ದೀರಿ, ನಡುವೆ ಇರುವುದೆಲ್ಲ ಬೇಸಿಗೆಯ ದೂಳು, ಹೊಗೆ, ಆವಿ. ಮೆಗಾಪಿಕ್ಸೆಲ್ ಜಾಸ್ತಿಯಾದರೆ ಅದೇ ಮಬ್ಬನ್ನು ಜಾಸ್ತಿ ವಿವರವಾಗಿ ತೆಗೆಯುತ್ತದೆ. ಮಳೆ ನಿಂತ ಮೇಲಿನ ಅಕ್ಟೋಬರ್–ನವೆಂಬರಿನ ಬೆಳಗ್ಗೆ ಅದೇ ಜಾಗದಲ್ಲಿ ಅದೇ ಲೆನ್ಸಿನಿಂದ ತೆಗೆದು ನೋಡಿ. ಮಂಜು ಕವಿದಿರುವಾಗ ತೆಗೆಯುವುದಾದರೆ ಫೋಟೊವನ್ನು ಬೆಳಗಿಸುವ ಅಥವಾ ಕಪ್ಪಾಗಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಪ್ಲಸ್ ಒಂದರ ಹತ್ತಿರ ಇಡಿ, ಏಕೆಂದರೆ ಕ್ಯಾಮೆರಾದ ಮೀಟರ್ ಎದುರಿಗಿರುವ ಎಲ್ಲವನ್ನೂ ನಡು ಬೂದುಬಣ್ಣ ಎಂದೇ ನಂಬುತ್ತದೆ, ಬಿಳಿ ಮಂಜನ್ನೂ ಬೂದು ಮಾಡುತ್ತದೆ. ಮಂಜಿನಲ್ಲಿ ಆಟೊಫೋಕಸ್ ಹಿಡಿಯಲಾರದೆ ಹಿಂದೆಮುಂದೆ ಒದ್ದಾಡುವುದೂ ಸಹಜ, ಕೆಟ್ಟಿದೆ ಎಂದುಕೊಳ್ಳಬೇಡಿ. ಗಾಢವಾದ ಅಂಚಿರುವ ಮರದ ಕಾಂಡವನ್ನೋ ಬಂಡೆಯನ್ನೋ ಹುಡುಕಿ ಅಲ್ಲಿ ಫೋಕಸ್ ಮಾಡಿ.

ಈಗ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ ಫೋಟೊ, ಹಿರೇಕೊಳಲೆಯದು. ಎದುರು ಸೂರ್ಯ, 18–55 ಲೆನ್ಸ್, ಸೆಟ್ಟಿಂಗ್‌ನಲ್ಲಿ ಹೇಳಿಕೊಳ್ಳುವಂಥ ತಪ್ಪಿಲ್ಲ. ಆದರೂ ಇಡೀ ಚಿತ್ರದ ಮೇಲೆ ಬಿಳಿಯ ತೆರೆ. ಮುಂದೆ ಯುವಿ ಫಿಲ್ಟರ್ ಹಾಕಿದ್ದರೆ ಮೊದಲು ಅದನ್ನು ಬಿಚ್ಚಿ ಮತ್ತೊಂದು ಸಂಜೆ ತೆಗೆದು ನೋಡಿ. ಡಿಜಿಟಲ್ ಸೆನ್ಸರಿನ ಮುಂದೆ ಅತಿನೇರಳೆ ಕಿರಣ ತಡೆಯುವ ಗಾಜು ಮೊದಲೇ ಇರುತ್ತದೆ, ಅಗ್ಗದ ಫಿಲ್ಟರ್ ಹೆಚ್ಚೆಂದರೆ ಗೀರಿನಿಂದ ಕಾಪಾಡುತ್ತದೆ, ಎದುರು ಬೆಳಕಿನಲ್ಲಿ ತಾನೇ ತೊಂದರೆ ಕೊಡುತ್ತದೆ. ಫಿಲ್ಟರ್ ತೆಗೆದ ಮೇಲೂ ತೆರೆ ಹೋಗದಿದ್ದರೆ ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಕತ್ತಲೆ ಕೋಣೆಯಲ್ಲಿ ಹಿಂಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳೋ ಕವಲೊಡೆದ ಗೆರೆಗಳೋ ಕಂಡರೆ ಅದು ಫಂಗಸ್. ನನ್ನ ಅಂದಾಜು ಅದೇ.

ಮಲೆನಾಡಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಫುಲ್‌ಫ್ರೇಮೋ ಕ್ರಾಪೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಇದು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ, ಗೋಡೆಯೇ ಬೆವರುತ್ತದೆ, ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತದೆ. ಲೆನ್ಸಿನ ಗಾಜಿಗೆ ಬಾರದೇ ಇರುತ್ತದೆಯೇ? ಅದೂ ಆಗ ನಾವು ಕ್ಯಾಮೆರಾವನ್ನು ಬಟ್ಟೆಯ ಬ್ಯಾಗಿನಲ್ಲಿ ಸುತ್ತಿ, ಕತ್ತಲೆಯಲ್ಲಿ, ತಿಂಗಳುಗಟ್ಟಲೆ ಮುಟ್ಟದೆ ಇಟ್ಟಿರುತ್ತೇವೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಡ. ಗಾಳಿಯ ತೇವಾಂಶ ನೂರಕ್ಕೆ ಅರವತ್ತು ಎಪ್ಪತ್ತು ದಾಟಿ ಬಹುಕಾಲ ನಿಂತರೆ ಅದು ಬೆಳೆಯುತ್ತದೆ. ನಲವತ್ತರಿಂದ ಐವತ್ತರ ನಡುವೆ ಇಟ್ಟರೆ ಬೆಳೆಯುವುದಿಲ್ಲ.

ಅದಕ್ಕೆ ಖರ್ಚೇನೂ ದೊಡ್ಡದಲ್ಲ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಮಳೆಗಾಲದಲ್ಲಿ ಅದು ಎಷ್ಟು ಬೇಗ ಬಣ್ಣ ಬದಲಿಸುತ್ತದೆ ಎಂದು ನೋಡಿದರೆ ನಿಮಗೇ ಗಾಬರಿಯಾದೀತು. ಮೀಟರ್ ಇಲ್ಲದೆ ಜೆಲ್ ಹಾಕಿ ಮರೆತವರ ಲೆನ್ಸ್‌ಗಳೂ ನನ್ನಲ್ಲಿಗೆ ಬರುತ್ತವೆ. ಲೆನ್ಸ್ ನಾಲ್ಕಾರು ಆದ ಮೇಲೆ ಕರೆಂಟಿನ ಡ್ರೈ ಕ್ಯಾಬಿನೆಟ್ ತೆಗೆದುಕೊಂಡರೆ ಸರಿ. ಹಳೆಯ ಸ್ಟುಡಿಯೋಗಳಲ್ಲಿ ಬೀರುವಿನೊಳಗೆ ಚಿಕ್ಕ ಬಲ್ಬು ಉರಿಸಿಡುತ್ತಿದ್ದುದೂ ಕೆಲಸ ಮಾಡುತ್ತಿತ್ತು, ಆದರೆ ಮರದ ಬೀರು ಮತ್ತು ಹಳೆಯ ವೈರಿಂಗ್ ಇರುವ ಮನೆಯಲ್ಲಿ ನಾನು ಹೇಳಲಾರೆ. ಅಕ್ಕಿ ಡಬ್ಬಿಯಲ್ಲಿ ಹುಗಿಯಬೇಡಿ, ಅಕ್ಕಿಯ ದೂಳು ಲೆನ್ಸಿನ ಸಂದುಗಳಿಗೆ ಇಳಿಯುತ್ತದೆ. ನುಸಿಗುಳಿಗೆಯನ್ನಂತೂ ಹತ್ತಿರಕ್ಕೂ ತರಬೇಡಿ.

ಈಗಾಗಲೇ ಹತ್ತಿದ್ದರೆ? ಶುರುವಿನ ಹಂತದಲ್ಲಿದ್ದರೆ ಬಿಚ್ಚಿ ಒರೆಸಿದಾಗ ಹೋಗುತ್ತದೆ. ಬಹುಕಾಲ ಬಿಟ್ಟಿದ್ದರೆ ಗಾಜಿನ ಮೇಲಿನ ಕೋಟಿಂಗನ್ನೇ ತಿಂದು ಗುರುತು ಉಳಿಸುತ್ತದೆ, ಆಗ ಒರೆಸಿದರೂ ತೆರೆ ಪೂರ್ತಿ ಹೋಗುವುದಿಲ್ಲ. ಕಿಟ್ ಲೆನ್ಸ್ ವಿಷಯದಲ್ಲಿ ರಿಪೇರಿ ಖರ್ಚು ಕೇಳಿದ ಮೇಲೆ, ಒಳ್ಳೆಯ ಸೆಕೆಂಡ್‌ಹ್ಯಾಂಡ್ ಲೆನ್ಸಿನ ಬೆಲೆಯನ್ನೂ ಕೇಳಿ, ಎಷ್ಟೋ ಸಲ ಎರಡನೆಯದೇ ಲೇಸು. ಒಂದು ಲೆನ್ಸಿನಿಂದ ಇನ್ನೊಂದಕ್ಕೆ ಸಾಂಕ್ರಾಮಿಕದಂತೆ ಹಬ್ಬುತ್ತದೆ ಎಂಬ ಭಯ ಬಹಳ ಜನರಿಗಿದೆ. ಬೂಷ್ಟಿನ ಬೀಜಕಣ ನಮ್ಮ ಗಾಳಿಯಲ್ಲಿ ಎಲ್ಲೆಲ್ಲೂ ಇದೆ, ಬೆಳೆಯಲು ಬೇಕಾದದ್ದು ತೇವ. ಆದರೂ ಫಂಗಸ್ ಹಿಡಿದದ್ದನ್ನು ಬೇರೆ ಇಡುವುದರಲ್ಲಿ ನಷ್ಟವಿಲ್ಲ. ಇನ್ನೊಂದು, ಮಳೆಗಾಲದಲ್ಲಿ ಎಸಿ ಹಾಕಿದ ಕಾರಿನಿಂದ ಚಾರ್ಮಾಡಿಯಲ್ಲಿ ಇಳಿದ ಕೂಡಲೇ ಕ್ಯಾಮೆರಾ ಹೊರತೆಗೆದರೆ ತಣ್ಣನೆಯ ಗಾಜಿನ ಮೇಲೆ ನೀರು ಕೂರುತ್ತದೆ. ಬ್ಯಾಗಿನಲ್ಲೇ ಸ್ವಲ್ಪ ಹೊತ್ತು ಹೊರಗಿನ ಹವೆಗೆ ಹೊಂದಲು ಬಿಡಿ. ಆವಿ ಕೂತಾಗ ಲೆನ್ಸ್ ಬದಲಿಸಬೇಡಿ.

ಅಕ್ಕನ ಮಗನ ಫೋನಿನ ಸಂಗತಿ ಚಿಕ್ಕದು. ಫೋನ್ ಒಂದು ಕ್ಲಿಕ್ಕಿಗೆ ಹಲವು ಫೋಟೊ ತೆಗೆದು ಒಂದಾಗಿ ಬೆರೆಸುತ್ತದೆ, ಚುಕ್ಕೆಗಳು ಸರಾಸರಿಯಲ್ಲಿ ಕರಗುತ್ತವೆ, ಆಕಾಶ ಒಂದರಿಂದ, ನೆರಳು ಇನ್ನೊಂದರಿಂದ. ಮೇಲೆ ಬಣ್ಣ ಗಾಢ ಮಾಡಿ ಅಂಚು ಚೂಪು ಮಾಡಿ ಕೊಡುತ್ತದೆ. ನಿಮ್ಮ ಕ್ಯಾಮೆರಾ ಆ ಕೆಲಸವನ್ನು ನಿಮಗೇ ಬಿಟ್ಟಿದೆ. ಮೇಲಾಗಿ ನೋಡುವವರು ನೋಡುವುದು ವಾಟ್ಸ್‌ಆ್ಯಪ್‌ನಲ್ಲಿ. ಮಾಮೂಲಿಯಾಗಿ ಕಳಿಸಿದರೆ ನಿಮ್ಮ 6000×4000 ಪಿಕ್ಸೆಲ್ ಫೋಟೊ ಉದ್ದಕ್ಕೆ ಸುಮಾರು 1600 ಪಿಕ್ಸೆಲ್ ಆಗುತ್ತದೆ, 24 ಮೆಗಾಪಿಕ್ಸೆಲ್‌ನಲ್ಲಿ ಎರಡೂ ಉಳಿಯುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಒಂದನ್ನು ಲ್ಯಾಬಿನಲ್ಲಿ 12×18 ಇಂಚಿಗೆ ಪ್ರಿಂಟ್ ಹಾಕಿಸಿ. ಆ ಅಳತೆಗೆ ಇಂಚಿಗೆ 333 ಪಿಕ್ಸೆಲ್ ಬರುತ್ತದೆ, ಕಣ್ಣಿಗೆ ಹಿಡಿದು ನೋಡಲು ಬೇಕಾದಷ್ಟು. ಮೆಗಾಪಿಕ್ಸೆಲ್ ಹೆಚ್ಚಿಸುವ ಆಸೆಗೆ ಇಲ್ಲೇ ಪೂರ್ಣವಿರಾಮ ಹಾಕಬಹುದು.

ಇನ್ನು ಫುಲ್‌ಫ್ರೇಮ್. ಲಾಭವಿಲ್ಲ ಎಂದರೆ ಸುಳ್ಳಾಗುತ್ತದೆ. 36×24 ಮಿ.ಮೀ. ಸೆನ್ಸರ್ ನಿಮ್ಮದಕ್ಕಿಂತ ಸುಮಾರು 2.3 ಪಟ್ಟು ವಿಸ್ತಾರ, ಅದೇ ಅಪರ್ಚರಿನಲ್ಲಿ ಗ್ರೇನ್ಸ್ ವಿಷಯಕ್ಕೆ ಒಂದು ಸ್ಟಾಪಿಗಿಂತ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು) ತುಸು ಹೆಚ್ಚು ಅನುಕೂಲ. ಆದರೆ ಆ ಬಜೆಟ್‌ನಲ್ಲಿ ಬಾಡಿಯ ಜೊತೆ ಬರುವ ಲೆನ್ಸ್ ಬಹುಮಟ್ಟಿಗೆ ಎಫ್/4 ಅಥವಾ ಅದಕ್ಕಿಂತ ಕಿರಿದು. ನಿಮ್ಮ ಈಗಿನ ಕ್ಯಾಮೆರಾಕ್ಕೇ ಒಂದು 35 ಮಿ.ಮೀ. ಎಫ್/1.8 ಹಾಕಿದರೆ ಎಫ್/4ಕ್ಕಿಂತ ಸುಮಾರು ಐದು ಪಟ್ಟು ಬೆಳಕು, ಎರಡು ಸ್ಟಾಪಿಗೂ ಮೇಲೆ. ಬೇಲೂರಿನ ಕತ್ತಲೆಯಲ್ಲಿ ಚಿಕ್ಕ ಸೆನ್ಸರೂ ಈ ಲೆನ್ಸೂ ಸೇರಿ ದೊಡ್ಡ ಸೆನ್ಸರನ್ನು ಹಿಂದೆ ಹಾಕುತ್ತವೆ, ಒಂದೂವರೆ ಲಕ್ಷದ ಸಣ್ಣ ಪಾಲಿನಲ್ಲಿ. ಇದಕ್ಕೂ ಬೆಲೆಯಿದೆ. ಎಫ್/1.8ರಲ್ಲಿ ಮೂರು ಮೀಟರ್ ದೂರದ ಶಿಲ್ಪಕ್ಕೆ ಅರ್ಧ ಮೀಟರ್ ಆಳ ಮಾತ್ರ ಫೋಕಸ್‌ನಲ್ಲಿರುತ್ತದೆ, ಕಂಬದ ಹಿಂದಿನ ಕಂಬ ಮಸುಕು. ಝೂಮ್ ಇಲ್ಲ, ನೀವೇ ಹಿಂದೆಮುಂದೆ ನಡೆಯಬೇಕು.

ಹಕ್ಕಿಗೆ ಫುಲ್‌ಫ್ರೇಮ್ ತಂದರೆ ನೀವು ಹಿಂದಕ್ಕೆ ಹೋಗುತ್ತೀರಿ. ಅದೇ 300 ಮಿ.ಮೀ. ಲೆನ್ಸಿನಲ್ಲಿ ಮಂಗಟ್ಟೆ ಫ್ರೇಮಿನೊಳಗೆ ಚಿಕ್ಕದಾಗುತ್ತದೆ. ಈಗಿನಷ್ಟೇ ದೊಡ್ಡದು ಮಾಡಲು 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಫೋಟೊ ಕತ್ತರಿಸಿದರೆ ಉಳಿಯುವುದು ಹನ್ನೊಂದಕ್ಕೂ ಕಡಿಮೆ. ಅದನ್ನು ಸರಿದೂಗಿಸಲು 150–600ರಂಥ ಲೆನ್ಸ್ ಬೇಕು, ತೂಕ ಎರಡು ಕಿಲೋ ಆಸುಪಾಸು, ಬೆಲೆ ಬೇರೆ. ಒಳಗೆ ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ನನಗೆ ನಿಜವಾಗಿ ಹಿಡಿಸಿರುವುದು ಸೆನ್ಸರ್ ಗಾತ್ರವಲ್ಲ, ಎಲೆಗಳ ನಡುವೆ ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುವ ಫೋಕಸ್. ನಿಮ್ಮ ಕ್ಯಾಮೆರಾದಲ್ಲಿ ಅದಿಲ್ಲ. ಒಂದೇ ಫೋಕಸ್ ಬಿಂದು ಆರಿಸಿ, ಕಂಟಿನ್ಯುಯಸ್ ಫೋಕಸ್ ಹಾಕಿ, ಕಣ್ಣಿನ ಮೇಲೆ ನೀವೇ ಇಡಬೇಕು. ಕ್ಯಾನನ್, ನಿಕಾನ್ ಎರಡೂ ಮಿರರ್‌ಲೆಸ್ ಕಡೆಗೆ ತಿರುಗಿರುವುದರಿಂದ ಎಂದಾದರೂ ನೀವೂ ಆ ಕಡೆ ಹೋಗುತ್ತೀರಿ. ಹೋಗುವ ದಿನ ಕ್ರಾಪ್ ಸೆನ್ಸರಿನ ಮಿರರ್‌ಲೆಸ್‌ಗಳನ್ನೂ ನೋಡಿ. ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತವೆ, ಒಂದು ವಾರಾಂತ್ಯಕ್ಕೆ ತಂದು ನಿಮ್ಮದೇ ತೋಟದಲ್ಲಿ, ನಿಮ್ಮದೇ ಬೆಳಗಿನಲ್ಲಿ ತೆಗೆದು, ಆಮೇಲೆ ಕಂತಿನ ಅರ್ಜಿಗೆ ಸಹಿ ಹಾಕಿ.

ನನ್ನ ಸಲಹೆ ಹೀಗಿದೆ. ಮೊದಲು ಟಾರ್ಚ್ ಪರೀಕ್ಷೆ, ಆಮೇಲೆ ಡಬ್ಬಿ ಮತ್ತು ಜೆಲ್. ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಗೆ (ಅಪರ್ಚರ್ ನಿಮ್ಮದು, ಶಟರ್ ಕ್ಯಾಮೆರಾದ್ದು) ಹಾಕಿ, ಆಟೊ ಐಎಸ್‌ಒ ಆನ್ ಮಾಡಿ, ಗರಿಷ್ಠ 6400, ಕನಿಷ್ಠ ಶಟರ್ ಹಕ್ಕಿಗೆ 1/640, ಕಂಬಕ್ಕೆ 1/15 ಎಂದು ಹೇಳಿಡಿ. ಪೂರ್ತಿ ಮ್ಯಾನುಯಲ್‌ನಲ್ಲಿ ತೆಗೆದವರೇ ಫೋಟೊಗ್ರಾಫರ್ ಎನ್ನುವವರ ಜೊತೆ ವಾದಕ್ಕೆ ಇಳಿಯಬೇಡಿ. ಇಷ್ಟಾದ ಮೇಲೂ ಒಳಾಂಗಣದ ಫೋಟೊ ಸಾಲದು ಅನ್ನಿಸಿದರೆ 35 ಎಫ್/1.8. ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಟಾರ್ಚ್ ಬಿಡದೆ ಹಣ ಕೊಡಬೇಡಿ, ಮಲೆನಾಡಿನಲ್ಲಿ ಬಳಸಿದ ಲೆನ್ಸ್ ಆಗಿದ್ದರಂತೂ ಎರಡು ಸಲ ನೋಡಿ. ನಿಕಾನ್‌ನ 3000 ಮತ್ತು 5000 ಸರಣಿಯ ಡಿಎಸ್‌ಎಲ್‌ಆರ್ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇರುವುದಿಲ್ಲ. ನಿಮ್ಮದು ಅದೇ ಸರಣಿಯದಾದರೆ ‘ಡಿ’ ಅಕ್ಷರದ ಹಳೆಯ ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕಾಗುತ್ತದೆ. ಎಎಫ್–ಎಸ್ ಅಥವಾ ಎಎಫ್–ಪಿ ಎಂದು ಬರೆದಿರುವುದನ್ನು ನೋಡಿ ತೆಗೆದುಕೊಳ್ಳಿ.

ಮಾರುವ ಮಾತು: ಏಳು ವರ್ಷ ಹಳೆಯ ಕ್ಯಾಮೆರಾಕ್ಕೆ ಅಂಗಡಿಯವರು ಕೊಡುವ ಬೆಲೆ ಕೇಳಿದರೆ ಬೇಸರವಾಗುತ್ತದೆ. ಮುಂದೆ ಏನೇ ಕೊಂಡರೂ ಇದನ್ನು 70–300 ಸಮೇತ ಹಕ್ಕಿಗೆಂದೇ ಇಟ್ಟುಕೊಳ್ಳಿ, ಡಬ್ಬಿಯಲ್ಲಿ ಅದಕ್ಕೂ ಜಾಗ ಇರುವಷ್ಟು ದೊಡ್ಡ ಅಳತೆಯನ್ನೇ ತನ್ನಿ.